ಪುಟ್ಟುಗೆ ಬುಧವಾರ ಬೇಡ

ನವೆಂಬರ್ ಕೊನೆ ವಾರ, ಕಾರ್ತೀಕ ಮುಗಿಯೋ ಹೊತ್ತು. ಸಾಯಂಕಾಲ ಪುಟ್ಟು ಬ್ಯಾಗಿನಿಂದ ಊಟದ ಡಬ್ಬಿ ತೆಗೆಯೋಕೆ ಹೋದ್ರೆ ಅಡಿಯಲ್ಲಿ ಒಂದು ಕಾಗದ ಅಂಟಿಕೊಂಡಿತ್ತು. ಮೊಸರನ್ನದ ಡಬ್ಬಿ ಸೋರಿ ಅರ್ಧ ಅಕ್ಷರ ಕಲಸಿ ಹೋಗಿತ್ತು. ಫ್ಯಾನ್ ಕೆಳಗೆ ಹರವಿ ಒಣಗಿಸಿ ಓದಿದ್ವಿ. ‘ಸೇವಾ ವ್ಯವಸ್ಥೆಯ ಮರುಹೊಂದಾಣಿಕೆ ಕುರಿತು ಪೋಷಕರ ಅಭಿಪ್ರಾಯ ಸಂಗ್ರಹ ಸಭೆ’ ಅಂತ ಮೇಲೆ ಬರೆದಿತ್ತು. ನಾನು ಪಿಯುಸಿವರೆಗೂ ಓದಿದೋಳು, ನನಗೇ ಮೂರು ಸಲ ಓದ್ಬೇಕಾಯ್ತು. ನಮ್ಮನೆಯವ್ರು ಕನ್ನಡಕ ಹಾಕ್ಕೊಂಡು ಒಂದೇ ಮಾತಲ್ಲಿ ಹೇಳಿದ್ರು, “ಸೆಂಟರ್‌ನ ಬದಲಾಯಿಸ್ತಾರಂತೆ ಕಣೇ. ಹೂಂ ಅನ್ನೋಕೆ ನಮ್ಮನ್ನ ಕರೀತಿದ್ದಾರೆ.”

ಪುಟ್ಟು ಯಾರು ಅಂತ ನಮ್ಮ ಬೀದಿಯವ್ರಿಗೆ ಹೇಳ್ಬೇಕಾಗಿಲ್ಲ. ದೂರದ ನೆಂಟರು ಓದ್ತೀರಲ್ಲ, ನಿಮಗೆ ಹೇಳ್ತೀನಿ. ಪುಟ್ಟು ನನ್ನ ಮೈದುನ, ನಮ್ಮನೆಯವ್ರಿಗೆ ಕೊನೇ ತಮ್ಮ. ವಯಸ್ಸು 45. ಹುಟ್ಟಿದ ಕೂಡ್ಲೆ ಅಳ್ಲಿಲ್ಲವಂತೆ, ಸೂಲಗಿತ್ತಿ ಬೆನ್ನು ತಟ್ಟಿ ತಟ್ಟಿ ಎಷ್ಟೋ ಹೊತ್ತಿಗೆ ಅತ್ತನಂತೆ. ಮಾತು ಬಂದಿದ್ದು ಐದು ವರ್ಷಕ್ಕೆ. ನಮ್ಮತ್ತೆ ಚಾಮುಂಡಿಪುರದಿಂದ ಮಾನಸಗಂಗೋತ್ರಿಗೆ, ಸ್ಪೀಚ್ ಅಂಡ್ ಹಿಯರಿಂಗ್‌ಗೆ, ಅವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಎರಡು ಬಸ್ ಹತ್ತಿ ಕರ್ಕೊಂಡು ಹೋಗ್ತಿದ್ರು. 1965ರಲ್ಲಿ ಆ ಸಂಸ್ಥೆ ಮೈಸೂರಿಗೆ ಬಂದಿದ್ದು ನಮ್ಮ ಪುಣ್ಯ ಅಂತ ಅವ್ರು ಸಾಯೋವರೆಗೂ ಹೇಳೋರು. ಮದ್ರಾಸು, ದಿಲ್ಲಿಯಿಂದೆಲ್ಲ ಜನ ಹುಡುಕ್ಕೊಂಡು ಬರೋ ಜಾಗ, ನಮಗೆ ಎರಡು ಬಸ್ಸಿನ ದೂರ.

ನಾನು 1992ರಲ್ಲಿ ಮದುವೆಯಾಗಿ ಬಂದಾಗ ಪುಟ್ಟುಗೆ ಹದಿಮೂರು. ಮನೆ ತುಂಬಿಸ್ಕೊಳ್ಳೋ ಹೊತ್ತಲ್ಲಿ ನಾನು ಒದೆಯೋಕೆ ಇಟ್ಟಿದ್ದ ಅಕ್ಕಿ ಸೇರನ್ನ ಅವನೇ ಮುಂದೆ ಬಂದು ಒದ್ದುಬಿಟ್ಟ. ಎಲ್ರೂ ಅಪಶಕುನ ಅಂದ್ರು. ನಂಗೆ ನಗು ತಡಿಯೋಕಾಗ್ಲಿಲ್ಲ. ಅವತ್ತಿಂದ ನಾನು ಅವನ ಅತ್ಗೆ.

ವಿಶೇಷ ಮಕ್ಕಳ ಶಾಲೆಗೆ ಹದಿನೆಂಟು ತುಂಬೋವರೆಗೆ ಹೋದ. ಆಮೇಲೆ ಅವ್ರು ಕೈ ಮುಗಿದು ಕಳಿಸಿಬಿಟ್ರು. ಆಗ 1997. ಈಗಿನ 2016ರ ಕಾನೂನಲ್ಲೂ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಅಂತಿದೆ ನೋಡಿ. ಹದಿನೆಂಟರ ಮಾರನೇ ದಿನ ಬೆಳಗ್ಗೆ ಎದ್ದು ಅವ್ರು ಎಲ್ಲಿಗೆ ಹೋಗ್ಬೇಕು? ಮಿಕ್ಕ ಮಕ್ಕಳು ಕಾಲೇಜಿಗೆ ಹೋಗ್ತಾರೆ, ಕೆಲಸಕ್ಕೆ ಹೋಗ್ತಾರೆ, ಮದುವೆಯಾಗಿ ಹೋಗ್ತಾರೆ. ನಮ್ಮ ಪುಟ್ಟು ಗೇಟಿಗೆ ಹೋದ. ಹನ್ನೆರಡು ವರ್ಷ ನಮ್ಮನೆ ಗೇಟು ಹಿಡ್ಕೊಂಡು ನಿಂತ. ಹಾಲಿನೋನು, ಪೇಪರಿನೋನು, ಸೊಪ್ಪಿನಮ್ಮ, ಎಲ್ಲರ ಟೈಮೂ ಅವನಿಗೆ ಗೊತ್ತು. ಸೊಪ್ಪಿನಮ್ಮ ಹತ್ತು ನಿಮಿಷ ತಡವಾದ್ರೆ ಒಳಗೆ ಬಂದು ನನ್ನ ಸೆರಗು ಎಳೆಯೋನು.

2003ರಲ್ಲಿರಬೇಕು, ದಸರಾಗೆ ಮುಂಚೆ ಆನೆಗಳ ತಾಲೀಮು ನಡೀತಿತ್ತು. ನಮ್ಮನೆಯವ್ರು ಇವನನ್ನ ದೇವರಾಜ ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿದ್ರು. ಸೇವಂತಿಗೆ ಮಾರಿಗೆ ಚೌಕಾಸಿ ಮಾಡಿ ತಿರುಗಿ ನೋಡಿದ್ರೆ ಪುಟ್ಟು ಇಲ್ಲ. ಸಯ್ಯಾಜಿರಾವ್ ರೋಡಲ್ಲಿ ಆನೆ ಹೋಗ್ತಿದ್ವು, ಇವನೂ ಹಿಂದೆ ಹೊರಟುಬಿಟ್ಟಿದ್ದಾನೆ. ಸ್ಟೇಷನ್ನಿಗೆ ಹೋಗಿ, ಗುರುತಿನೋರನ್ನೆಲ್ಲ ಓಡಾಡ್ಸಿ, ಕೊನೆಗೆ ಬನ್ನಿಮಂಟಪದಲ್ಲಿ ಸಿಕ್ಕ. ಒಂದು ಕಾಲಲ್ಲಿ ಚಪ್ಪಲಿ ಇರ್ಲಿಲ್ಲ, ಪಾದ ಬೊಬ್ಬೆ ಬಂದಿತ್ತು, ಮುಖ ಮಾತ್ರ ಮದುಮಗನ ಮುಖದ ಹಾಗಿತ್ತು. ಆಮೇಲಿಂದ ಗೇಟಿಗೆ ಬೀಗ ಹಾಕಿದ್ವಿ. ಬೀಗದ ಕೈ ನನ್ನ ಸೊಂಟದಲ್ಲಿ. ಬಟ್ಟೆ ಒಗೆಯೋವಾಗ್ಲೂ, ದೇವರ ಮುಂದೆ ಕೂತಾಗ್ಲೂ ಅದು ಗಿಲ್ ಗಿಲ್ ಅನ್ನೋದು.

ಈ ಸೆಂಟರ್ ಸಿಕ್ಕಿದ್ದು 2009ರಲ್ಲಿ. ದೊಡ್ಡೋರಿಗೋಸ್ಕರವೇ ಒಂದು ಟ್ರಸ್ಟಿನೋರು ಕುವೆಂಪುನಗರದ ಕಡೆ ಬಾಡಿಗೆ ಮನೇಲಿ ನಡೆಸೋದು. ಹೆಸರು ಬರೆಯಲ್ಲ, ನಾಳೆ ಬೆಳಗ್ಗೆ ಮತ್ತೆ ಅಲ್ಲಿಗೇ ಹೋಗ್ಬೇಕಲ್ಲ. ಬೆಳಗ್ಗೆ ಒಂಬತ್ತೂವರೆಗೆ ವ್ಯಾನ್, ಮೂರೂವರೆಗೆ ವಾಪಸ್. ಸೋಮವಾರದಿಂದ ಶುಕ್ರವಾರ. ಹೂಬತ್ತಿ ಮಾಡ್ತಾರೆ, ಪೇಪರ್ ಕವರ್ ಮಾಡ್ತಾರೆ, ದೀಪಾವಳಿಗೆ ಹಣತೆಗೆ ಬಣ್ಣ ಹಚ್ತಾರೆ. ಪುಟ್ಟು ಹೂಬತ್ತಿ ನೀವೆಲ್ಲ ತಗೊಂಡಿದ್ದೀರ, ಅದರ ತಲೆ ಸ್ವಲ್ಪ ದಪ್ಪ ಇರುತ್ತೆ, ಜಾಸ್ತಿ ಹೊತ್ತು ಉರಿಯುತ್ತೆ. ತಿಂಗಳಿಗೆ ನೂರೈವತ್ತು ರೂಪಾಯಿ ಕವರಲ್ಲಿ ಹಾಕಿ ಕೊಡ್ತಾರೆ. ಅವತ್ತು ಅವರಣ್ಣನ್ನ ಕರ್ಕೊಂಡು ಹೋಗಿ ಕಡ್ಲೆಪುರಿ, ಖಾರಾಸೇವೆ ಕಟ್ಟಿಸ್ಕೊಂಡು ಬಂದು ಮನೆ ಮಂದಿಗೆಲ್ಲ ಅವನೇ ಹಂಚ್ತಾನೆ. ಯಜಮಾನಿಕೆ ಅಂದ್ರೆ ಅದು.

ಈಗ ಕಾಗದದಲ್ಲಿದ್ದ ವಿಷ್ಯ. ಜೂನ್‌ನಿಂದ ಸೆಂಟರ್‌ನ ರಿಂಗ್ ರೋಡ್ ಆಚೆ ಟಿ. ನರಸೀಪುರ ರೋಡ್ ಕಡೆಗೆ ಬದಲಾಯಿಸೋದು. ವ್ಯಾನ್ ನಿಲ್ಸೋದು. ನಲವತ್ತು ದಾಟಿದೋರಿಗೆ ವಾರಕ್ಕೆ ಎರಡು ದಿನ ಮಾತ್ರ, ಒಂದು ವರ್ಷ ಆದ್ಮೇಲೆ ಅದೂ ಇಲ್ಲ. ಮಿಕ್ಕ ಜಾಗದಲ್ಲಿ ಚಿಕ್ಕ ಮಕ್ಕಳಿಗೆ ಥೆರಪಿ.

ಓದಿ ಮುಗಿಸಿದ್ಮೇಲೆ ನಂಗೆ ಮೊದಲು ನೆನಪಾಗಿದ್ದು ಪುಟ್ಟು ಅಲ್ಲ. ನಿಜ ಹೇಳ್ತಿದ್ದೀನಿ, ಬೈಕೊಳ್ಳಿ. ನಂಗೆ ನೆನಪಾಗಿದ್ದು ಒಂಬತ್ತೂವರೆಯಿಂದ ಮೂರೂವರೆ. ಆ ಆರು ಗಂಟೆ. ವ್ಯಾನ್ ತಿರುವು ದಾಟಿದ ಮೇಲೆ ಒಂದು ಲೋಟ ಕಾಫಿ ಮಾಡ್ಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತ್ಕೋತೀನಿ. ಹದಿನೈದು ವರ್ಷದಿಂದ. ಬ್ಯಾಂಕಿಗೆ ಹೋಗೋದು, ಹಲ್ಲು ತೋರಿಸ್ಕೊಳ್ಳೋದು, ನಿಮ್ಮನೆ ಅರಿಶಿಣ ಕುಂಕುಮಕ್ಕೆ ಬರೋದು, ಇಗೋ ಇದನ್ನ ಬರೆಯೋದು, ಎಲ್ಲಾ ಆ ಆರು ಗಂಟೆಯೊಳಗೇ. ನಮ್ಮತ್ತೆ 2011ರಲ್ಲಿ ಹೋಗುವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ದು ಒಂದೇ ಮಾತು, “ಅವನ್ನ ಗೇಟಲ್ಲಿ ನಿಲ್ಲಿಸ್ಬೇಡ ಕಣಮ್ಮ.” ಹೂಂ ಅಂದಿದ್ದೆ. ಆದ್ರೆ ಆ ಬೀಗದ ಕೈ ಮತ್ತೆ ನನ್ನ ಸೊಂಟಕ್ಕೆ ಬರುತ್ತಲ್ಲ ಅನ್ನೋದೇ ಅವತ್ತು ರಾತ್ರಿಯೆಲ್ಲ ಕೊರೀತಿತ್ತು. ನಂಗೂ 54 ಆಯ್ತು. ಮಂಡಿ ನೋವು. ನಮ್ಮನೆಯವ್ರಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ.

ನಮ್ಮಕ್ಕನ ಮಗಳು ಇಂಗ್ಲೆಂಡಲ್ಲಿ ಇಂಥೋರನ್ನ ನೋಡ್ಕೊಳ್ಳೋ ಕಡೆಯೇ ಕೆಲಸ ಮಾಡ್ತಾಳೆ. ಭಾನುವಾರ ಫೋನ್ ಮಾಡಿದಾಗ ಅವಳ ಹತ್ರ ಅತ್ಕೊಂಡೆ. ಅವಳು ಹೇಳಿದ್ಲು, ಅಲ್ಲಿ ಡೇ ಸೆಂಟರ್‌ಗಳನ್ನ ಊರಿನ ಕೌನ್ಸಿಲ್‌ನೋರು ನೋಡ್ಕೋತಾರಂತೆ, ನಮ್ಮ ಕಾರ್ಪೊರೇಷನ್ ಇದ್ದ ಹಾಗೆ. ಏನಾದ್ರೂ ಬದಲಾಯಿಸೋ ಮುಂಚೆ ಮನೆಯವ್ರಿಗೆ, ಅಲ್ಲಿಗೆ ಬರೋರಿಗೆ ಪ್ರಶ್ನೆ ಕಳಿಸಿ ವಾರಗಟ್ಲೆ ಕಾಯ್ತಾರಂತೆ. ಓದೋಕೆ ಕಷ್ಟ ಇರೋರಿಗೆ ಅಂತ ದೊಡ್ಡ ಅಕ್ಷರ, ಚಿಕ್ಕ ಚಿಕ್ಕ ವಾಕ್ಯ, ಪಕ್ಕದಲ್ಲಿ ಚಿತ್ರ. ‘ಈಸಿ ರೀಡ್’ ಅಂತಾರಂತೆ. “ಅಯ್ಯೋ ಎಂಥಾ ಊರಮ್ಮ!” ಅಂದೆ. ಅವಳು ನಕ್ಕುಬಿಟ್ಲು. “ಚಿಕ್ಕಮ್ಮ, ಕೇಳೋದು ಕೇಳ್ತಾರೆ, ದುಡ್ಡಿಲ್ಲ ಅಂದ್ರೆ ಮುಚ್ಚೋದು ಮುಚ್ಚೇ ಬಿಡ್ತಾರೆ” ಅಂದ್ಲು. ಆಮೇಲೆ ಸುಮ್ಮನೆ ಒಂದು ಮಾತು ಕೇಳಿದ್ಲು. “ನೀವು ಪುಟ್ಟು ಮಾಮನ್ನ ಕೇಳಿದ್ರಾ?”

ನಾನು ನಕ್ಕೆ. ಪುಟ್ಟೂನ ಏನು ಕೇಳೋದು? ಏನು ಕೇಳಿದ್ರೂ ಹೂಂ ಅಂತಾನೆ. ಕಾಫಿ ಬೇಕಾ, ಹೂಂ. ಕಾಫಿ ಬೇಡ್ವಾ, ಹೂಂ. ಫೋನ್ ಇಟ್ಟ ಮೇಲೆ ಮಾತ್ರ ಒಂಥರಾ ಆಯ್ತು. 32 ವರ್ಷದಿಂದ ಒಂದೇ ಮನೇಲಿದ್ದೀವಿ. ಅವನ ಶರ್ಟಿನ ಬಣ್ಣ ನಂದು, ಕ್ಷೌರದ ದಿನ ನಂದು, ಅನ್ನಕ್ಕೆ ಸಾರೋ ಹುಳಿಯೋ ಅನ್ನೋದೂ ನಂದೇ ತೀರ್ಮಾನ. ಕಾಗದದಲ್ಲಿ ‘ಮಕ್ಕಳು’ ಅಂತ ಬರೆದಿದ್ರಲ್ಲ, ಅರ್ಧ ತಲೆ ನರೆತ ಗಂಡಸಿಗೆ ಮಕ್ಕಳು ಅಂತಾರಲ್ಲ ಅಂತ ನಾನೇ ಅವತ್ತು ಗೊಣಗಿದ್ದೆ. ನಾನು ಮಾಡ್ತಿರೋದೇನು ಮತ್ತೆ?

ಮಾರನೇ ದಿನ ರಾತ್ರಿ ಊಟ ಆದ್ಮೇಲೆ ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಸ್ಕೆಚ್ ಪೆನ್ನಲ್ಲಿ ಏಳು ಮನೆ ಬರೆದೆ, ಚೌಕಾಬಾರದ ಮನೆ ಥರ. ಒಂದೊಂದು ಮನೇಲಿ ಒಂದೊಂದು ದಿನದ ಗುರುತು. ಸೋಮವಾರಕ್ಕೆ ನಮ್ಮನೆಯವ್ರು ದೇವಸ್ಥಾನಕ್ಕೆ ಹೋಗ್ತಾರೆ, ಅದಕ್ಕೊಂದು ಗೋಪುರ. ಗುರುವಾರ ಕಸದ ಗಾಡಿಗೆ ಒಣಕಸ ಕೊಡೋ ದಿನ, ಅದಕ್ಕೊಂದು ಗಾಡಿ. ಹೀಗೇ ಏನೋ ಬರೆದೆ, ನಂಗೆ ಚಿತ್ರ ಬರಲ್ಲ. ಅವನ ಕೈಗೆ ಒಂದು ಹಿಡಿ ಹುಣಸೆಬೀಜ ಕೊಟ್ಟು, “ಪುಟ್ಟು, ಸೆಂಟರ್‌ಗೆ ಯಾವತ್ತು ಹೋಗ್ತೀಯ, ಅಲ್ಲಿ ಬೀಜ ಇಡು” ಅಂದೆ.

ಎಲ್ಲಾ ಬೀಜಾನೂ ಗೋಪುರದ ಮೇಲೆ ಸುರಿದ. ತಗೋ, ಇವನನ್ನ ಕೇಳಿದ್ದೇ ಅಂತ ಎದ್ದುಬಿಡ್ತಿದ್ದೆ. ನಮ್ಮನೆಯವ್ರು “ಇರೇ, ಒಂದೊಂದೇ ಕೇಳು” ಅಂದ್ರು. ಒಂದೊಂದೇ ಕೇಳಿದೆ. ಸೋಮವಾರ ಇಟ್ಟ. ಮಂಗಳವಾರ ಇಟ್ಟ. ಬುಧವಾರಕ್ಕೆ ಬೀಜ ಹಿಡ್ಕೊಂಡು ಕೂತ. ನಾನೇ ಅವನ ಕೈ ಹಿಡಿದು ಇಡಿಸಿದೆ. ಅವನು ತೆಗೆದ. ಮತ್ತೆ ಇಡಿಸಿದೆ, ಮತ್ತೆ ತೆಗೆದ. ಗುರುವಾರ, ಶುಕ್ರವಾರ ಸರಿಯಾಗಿ ಇಟ್ಟ. ಶನಿವಾರ, ಭಾನುವಾರ ‘ಅಣ್ಣ’ ಅಂದ, ಅಂದ್ರೆ ಮನೇಲಿ ಅಣ್ಣ ಇರ್ತಾನೆ ಅಂತ. ಬುಧವಾರ ಯಾಕೆ ಬೇಡ ಅಂದ್ರೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು “ಡಂ ಡಂ” ಅಂದ.

ಮಾರನೇ ದಿನ ವ್ಯಾನಲ್ಲಿ ಬರೋ ಆಯಮ್ಮನ್ನ ಕೇಳಿದೆ. ಬುಧವಾರ ಡಾನ್ಸ್ ಮಾಸ್ಟರ್ ಬರ್ತಾರಂತೆ, ದೊಡ್ಡ ಸ್ಪೀಕರ್ ತಗೊಂಡು. ಮೂರು ವರ್ಷದಿಂದ. ಬಹಳ ಜನ ಕುಣೀತಾರಂತೆ, ಪುಟ್ಟು ಮಾತ್ರ ಬಾತ್‌ರೂಮಿನಲ್ಲಿ ಸೇರ್ಕೊಂಡು ಬಾಗಿಲು ಹಾಕ್ಕೋತಾನಂತೆ.

ಮೂರು ವರ್ಷ ಕಣ್ರೀ. ಮೂರು ವರ್ಷದಿಂದ ಬುಧವಾರ ಬೆಳಗ್ಗೆ ಇವನ ಹಟ. ಚಪ್ಪಲಿ ಬಚ್ಚಿಡೋದು, ಹೊಟ್ಟೆನೋವು ಅನ್ನೋದು, ಸ್ನಾನದ ಮನೆಯಿಂದ ಈಚೆಗೇ ಬರದೆ ಕೂರೋದು. ಬುಧವಾರ ಉಪ್ಪಿಟ್ಟು ಮಾಡ್ತೀನಿ ಅದಕ್ಕೇ ಅಂದ್ಕೊಂಡು ಚಿತ್ರಾನ್ನಕ್ಕೆ ಬದಲಾಯಿಸಿದೆ. ದೃಷ್ಟಿ ತೆಗೆದೆ. ಒಂದು ದಿನ ವ್ಯಾನ್ ಹಾರ್ನ್ ಹೊಡೀತಿತ್ತು, ಇವನು ಕಂಬ ಹಿಡ್ಕೊಂಡು ನಿಂತಿದ್ದ, ರಟ್ಟೆಗೆ ಎರಡೇಟು ಹಾಕಿದೆ. ಅವನು ಅಳ್ಲಿಲ್ಲ, ಹೋಗಿ ವ್ಯಾನಲ್ಲಿ ಕೂತ. ಇದನ್ನ ಬರೀಬಾರ್ದು ಅಂತ ಎರಡು ದಿನ ಯೋಚ್ನೆ ಮಾಡಿದೆ.

ಸಭೆ ಡಿಸೆಂಬರ್ ಎರಡನೇ ಶನಿವಾರ. ಪ್ಲಾಸ್ಟಿಕ್ ಕುರ್ಚಿ ಹಾಕಿದ್ರು, ಬಾದಾಮಿ ಹಾಲು ಕೊಟ್ರು. ಮೂವತ್ತು ಮನೆಯವ್ರು ಬಂದಿದ್ವೇನೋ, ಅದರಲ್ಲಿ ಅರ್ಧಕ್ಕರ್ಧ ನನಗಿಂತ ವಯಸ್ಸಾದೋರು. ಎಪ್ಪತ್ತೆಂಟು ವರ್ಷದ ಒಬ್ಬಮ್ಮ ಐವತ್ತು ವರ್ಷದ ಮಗಳ ಕೈ ಹಿಡ್ಕೊಂಡು ಬಂದಿದ್ರು. ಯಾರು ಯಾರನ್ನ ಹಿಡ್ಕೊಂಡಿದ್ರೋ ಗೊತ್ತಾಗ್ತಿರ್ಲಿಲ್ಲ.

ಟ್ರಸ್ಟಿನೋರು ಕೆಟ್ಟೋರಲ್ಲ, ಅದನ್ನೂ ಹೇಳ್ಬೇಕು. ಬಾಡಿಗೆ ಹೆಚ್ಚಾಗಿದೆ, ಮನೆ ಓನರ್ ಬಿಡಿಸ್ತಿದ್ದಾರೆ, ಟ್ರೈನಿಂಗ್ ಆಗಿರೋ ಟೀಚರ್‌ಗಳು ಹೆಚ್ಚು ಸಂಬಳಕ್ಕೆ ಬೆಂಗಳೂರಿಗೆ ಹೋಗ್ತಾರೆ, ಚಿಕ್ಕ ಮಕ್ಕಳ ಥೆರಪಿಗಾದ್ರೆ ದಾನಿಗಳು ಕೊಡ್ತಾರೆ, ದೊಡ್ಡೋರಿಗೆ ಅಂದ್ರೆ ಯಾರೂ ಕೊಡಲ್ಲ ಅಂದ್ರು. ಫೋಟೋದಲ್ಲಿ ಪುಟ್ಟ ಮಗು ನಿಂತ್ರೆ ಜನ ಕರಗ್ತಾರೆ, ನಮ್ಮ ಪುಟ್ಟು ಗಡ್ಡ ಬಿಟ್ಕೊಂಡು ನಿಂತ್ರೆ ಕರಗ್ತಾರಾ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನಲ್ಲಿ ಹಗಲು ಆರೈಕೆಗೆ ಒಂದು ಯೋಜನೆ ಇದೆ, ಅದಕ್ಕೆ ಅರ್ಜಿ ಹಾಕ್ಬಹುದಲ್ಲ ಅಂತ ಒಬ್ಬರು ಕೇಳಿದ್ರು. ನೋಡ್ತೀವಿ ಅಂದ್ರು.

ನನ್ನ ಸರದಿ ಬಂದಾಗ ಎದ್ದು ನಿಂತೆ. ಮನೇಲಿ ಬರ್ಕೊಂಡು ಹೋಗಿದ್ದ ಚೀಟಿ ನಡುಗ್ತಿತ್ತು. ಮೊದಲು ನಂದು ಹೇಳಿದೆ. ಆ ಆರು ಗಂಟೆ ನಂಗೆ ಬೇಕು, ಅದಿಲ್ಲದಿದ್ರೆ ನಂಗಾಗಲ್ಲ ಅಂದೆ. ಹೆಂಗಸರು ಇಂಥಾ ಮಾತನ್ನ ನಾಲ್ಕು ಜನರ ಮುಂದೆ ಹೇಳೋದಿಲ್ಲ ನೋಡಿ, ‘ಅವನ ಒಳ್ಳೇದಕ್ಕೆ’ ಅಂತ ಸುತ್ತಿ ಹೇಳ್ತೀವಿ. ಹಿಂದಿನ ಸಾಲಲ್ಲಿ ಯಾರೋ ಮೂಗು ಸೀಟಿದ್ರು. ಆಮೇಲೆ ಪುಟ್ಟೂದು ಹೇಳಿದೆ. ಕ್ಯಾಲೆಂಡರ್ ಹಾಳೆ ಬಿಚ್ಚಿ ತೋರಿಸಿ, ಐದು ದಿನ ಬೇಕು ಅನ್ನೋದು ನನ್ನ ಲೆಕ್ಕ, ಅವನ ಲೆಕ್ಕ ನಾಲ್ಕು, ಬುಧವಾರ ಅವನಿಗೆ ಬೇಡ ಅಂದೆ. ನಮ್ಮನೆಯವ್ರು ಸೀರೆ ಎಳೆದ್ರು. ಐದಕ್ಕೆ ಹೋರಾಡೋ ಕಡೆ ನಾನೇ ಒಂದನ್ನ ಬಿಟ್ಟುಕೊಟ್ಟೆ ಅಂತ ಅವ್ರಿಗೆ ಸಂಕಟ. ಆದ್ರೆ ಕೇಳಿ ತಿಳ್ಕೊಂಡು ಬಚ್ಚಿಡೋದು ಹೇಗೆ?

“ನಿಮ್ಮ ಮೈದುನರ ಲೀಗಲ್ ಗಾರ್ಡಿಯನ್ ಯಾರು?” ಅಂತ ಆಫೀಸಿನ ಹುಡುಗಿ ಕೇಳಿದ್ಲು. ನಾವೇ ಅಂದೆ. ಪೇಪರ್ ಇದ್ಯಾ ಅಂದ್ಲು. ಪೇಪರ್ ಎಲ್ಲಿಂದ ಬರ್ಬೇಕು! ಅವತ್ತು ಗೊತ್ತಾಗಿದ್ದು ಇದು, ನಿಮ್ಮಲ್ಲಿ ಯಾರಿಗಾದ್ರೂ ಬೇಕಾಗಬಹುದು ಅಂತ ಬರೀತೀನಿ. ಹದಿನೆಂಟು ತುಂಬಿದ ಮೇಲೆ ಹೆತ್ತೋರೂ ತಾವಾಗೇ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕ್ಬೇಕು, ಡಿಸಿಯವ್ರು ಅದಕ್ಕೆ ಮುಖ್ಯಸ್ಥರು. ಅಪ್ಪ ಅಮ್ಮ ಇಲ್ಲದಿದ್ರೆ ಹತ್ತಿರದ ಸಂಬಂಧಿಕರೂ ಹಾಕ್ಬಹುದು. ಪೋಷಕರಾಗಿ ನೇಮಿಸಿದ ಆರು ತಿಂಗಳೊಳಗೆ ಅವನ ಆಸ್ತಿಪಟ್ಟಿ ಕೊಡ್ಬೇಕು, ವರ್ಷವರ್ಷ ಲೆಕ್ಕ ಕೊಡ್ಬೇಕು. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಒಂದಕ್ಕಿಂತ ಹೆಚ್ಚು ವೈಕಲ್ಯ ಇರೋರಿಗೆ ಈ ಕಾಯ್ದೆ. ಇದರದೇ ‘ನಿರಾಮಯ’ ಅನ್ನೋ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ, ಪುಟ್ಟುಗೆ ಅದು ಮೊದಲೇ ಮಾಡಿಸಿದ್ವಿ. ಪೋಷಕತ್ವದ ಅರ್ಜಿ ಮಾತ್ರ ಈಗ ತುಂಬ್ತಿದ್ದೀವಿ. ಆಸ್ತಿಪಟ್ಟಿ ಅಂದಾಗ ನಮ್ಮನೆಯವ್ರು ಪೆನ್ನು ಹಿಡ್ಕೊಂಡು ಸುಮ್ಮನೆ ಕೂತುಬಿಟ್ರು. ಈ ಮನೇಲಿ ಪುಟ್ಟುಗೂ ಪಾಲಿದೆ, ಅಪ್ಪನ ಕಾಲದಿಂದ. ನಾವು ಅದನ್ನ ಮಾತಾಡಿದ್ದೇ ಇಲ್ಲ. ನಮ್ಮಿಬ್ಬರ ನಂತರ ಯಾರು ಅನ್ನೋ ಜಾಗದಲ್ಲಿ ಮಗಳ ಹೆಸರು ಬರೆಯೋದಾ ಅಂತ ಅವಳನ್ನೂ ಕೇಳ್ಬೇಕು. ಕೇಳೋದು ಈಗ ನಂಗೆ ಚಟ ಆಗಿದೆ.

ಸಭೆಯಲ್ಲಿ ಏನಾಯ್ತು ಅಂದ್ರೆ, ನಲವತ್ತು ದಾಟಿದೋರನ್ನ ಪೂರ್ತಿ ಬಿಡಿಸೋದು ಸದ್ಯಕ್ಕಿಲ್ಲ. ಎರಡು ದಿನದ ಬದಲು ಮೂರು ದಿನ, ಸಂಕ್ರಾಂತಿ ಆದ್ಮೇಲಿಂದ. ಜಾಗ ಬದಲಾಗೋದು ಮಾತ್ರ ಖಂಡಿತ, ವ್ಯಾನ್ ಇಲ್ಲದಿರೋದೂ ಖಂಡಿತ. ಸರಿ ಅಂತ ಮನೆಗೆ ಬಂದ್ವಿ. ಒಂದು ವಾರ ಬಿಟ್ಟು ಫೋನಿಗೆ ಮೆಸೇಜ್ ಬಂತು: ‘ನಿಮ್ಮ ದಿನಗಳು ಸೋಮವಾರ, ಬುಧವಾರ, ಶುಕ್ರವಾರ’. ನಗಬೇಕೋ ಅಳಬೇಕೋ! ಮತ್ತೆ ಹೋಗಿ, ಮತ್ತೆ ಅದೇ ಕ್ಯಾಲೆಂಡರ್ ಹಾಳೆ ತೋರಿಸಿ, ಮಂಗಳವಾರ, ಗುರುವಾರ, ಶುಕ್ರವಾರ ಮಾಡಿಸ್ಕೊಂಡು ಬಂದೆ. ಹುಣಸೆಬೀಜದ ಚೀಲ ಬ್ಯಾಗಲ್ಲೇ ಇತ್ತು.

ಜಾಗದ ವಿಷ್ಯ ಇನ್ನೂ ನಡೀತಿದೆ. ನಂಗೆ ಶಕ್ತಿ ಯೋಜನೇಲಿ ಬಸ್ಸು ಉಚಿತ, ಪುಟ್ಟುಗೆ ಅಂಗವಿಕಲರ ಪಾಸಿದೆ, ಹಾಗಾಗಿ ದುಡ್ಡಿನ ತೊಂದ್ರೆಯಲ್ಲ. ಚಾಮುಂಡಿಪುರದಿಂದ ಸಿಟಿ ಬಸ್ ಸ್ಟ್ಯಾಂಡು, ಅಲ್ಲಿಂದ ಇನ್ನೊಂದು ಬಸ್ಸು, ಇಳಿದು ನಡಿಗೆ. ಕೂರಿಸಿ ಮನೆಗೆ ಬರೋ ಹೊತ್ತಿಗೆ ಕರ್ಕೊಂಡು ಬರೋಕೆ ಹೊರಡ್ಬೇಕು, ಆರು ಗಂಟೆ ಬಸ್ಸಲ್ಲೇ ಹೋಗುತ್ತೆ. ನಮ್ಮತ್ತೆ ಓಡಾಡಿದ ಹಾಗೆ, ಆದ್ರೆ ಸೊಂಟದ ಮೇಲೆ ಕೂರಿಸೋಕಾಗಲ್ಲ, ಅಷ್ಟೇ ವ್ಯತ್ಯಾಸ.

ವಾರ್ಡಿನ ನಗರ ಪುನರ್ವಸತಿ ಕಾರ್ಯಕರ್ತೆ ಒಂದು ವಿಷ್ಯ ಹೇಳಿದ್ರು. ನಗರಪಾಲಿಕೆಯವ್ರು ತಮ್ಮ ಆದಾಯದಲ್ಲಿ 5 ಪರ್ಸೆಂಟ್ ಅಂಗವಿಕಲರಿಗೆ ಅಂತ ಎತ್ತಿಡಬೇಕು. ಅದರಿಂದ ಸಲಕರಣೆ, ಚಿಕಿತ್ಸೆಗೆ ಸಹಾಯ ಎಲ್ಲ ಕೊಡ್ತಾರೆ. ಊರೊಳಗೆ ಪಾಲಿಕೆಯದೇ ಒಂದು ನೆಲಮಹಡಿ ಕೋಣೆ ಕೊಟ್ರೆ ದೊಡ್ಡೋರ ಸೆಂಟರ್ ಇಲ್ಲೇ ಉಳಿಯುತ್ತಲ್ಲ ಅಂತ ನಾವು ಹನ್ನೊಂದು ಮನೆಯವ್ರು ಅರ್ಜಿ ಬರೆದ್ವಿ. ಮುಂಚೆ ಆಗಿದ್ರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗ್ತಿದ್ವಿ. 2018ರಲ್ಲಿ ಆರಿಸಿದ್ದೋರ ಅವಧಿ 2023ರ ನವೆಂಬರಿಗೇ ಮುಗಿದಿದೆ, 65 ವಾರ್ಡಿಗೂ ಆಗ ಯಾರೂ ಇರ್ಲಿಲ್ಲ, ಚುನಾವಣೆ ಆಗಿರ್ಲಿಲ್ಲ. ಅದಕ್ಕೆ ಸೀದಾ ಆಯುಕ್ತರ ಹೆಸರಿಗೇ ಬರೆದು, ಟಪಾಲಿನಲ್ಲಿ ಸೀಲ್ ಹಾಕಿಸ್ಕೊಂಡು ಬಂದೆ. ಅರ್ಜಿ ಕೊನೇಲಿ ಸಹಿ ಜಾಗದಲ್ಲಿ ಪುಟ್ಟು ಹೆಬ್ಬೆಟ್ಟು ಒತ್ತಿದ. ಒಂದು ಒತ್ತಿ ಸಾಕಾಗದೆ ಮೂರು ಒತ್ತಿದ. ಇಂಕ್ ಪ್ಯಾಡ್ ಕಿತ್ಕೊಳ್ಳೋದೇ ಕಷ್ಟ ಆಯ್ತು.

ಈಗ ಸೋಮವಾರ, ಬುಧವಾರ ಮನೇಲಿರ್ತಾನೆ. ಮೊದಲ ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಬ್ಯಾಗ್ ಹಾಕ್ಕೊಂಡು ಗೇಟಿಗೆ ಹೋಗಿ ನಿಂತ. ನಂಗೆ ಎದೆ ಧಸಕ್ಕಂತು. ಇವತ್ತು ಇಲ್ಲಪ್ಪ ಅಂದ್ರೂ ಹತ್ತೂವರೆವರೆಗೆ ನಿಂತಿದ್ದ. ಬುಧವಾರ ಮಾತ್ರ ಗೇಟಿನ ಹತ್ರ ಸುಳಿಯಲ್ಲ. ನನ್ನ ಜೊತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸ್ತಾನೆ, ಆಮೇಲೆ ನೆನೆಸಿದ ಕಾಳು ಹಿದುಕ್ತಾನೆ. ಬೇಳೆ ಪಾತ್ರೆಗೆ, ಸಿಪ್ಪೆ ನನ್ನ ಮಡಿಲಿಗೆ. ಅರ್ಧ ಲೋಟ ಕಾಫಿ ಅವನಿಗೂ ಹಾಕ್ತೀನಿ. ಹೋದ ವಾರ ಕೇಳಿದೆ, “ಸಕ್ಕರೆ ಬೇಕಾ, ಬೆಲ್ಲ ಬೇಕಾ?” ಅಂತ, ಎರಡೂ ಡಬ್ಬಿ ಮುಂದಿಟ್ಟು. ಬೆಲ್ಲದ ಡಬ್ಬಿ ಮುಟ್ಟಿದ. ಇಷ್ಟು ವರ್ಷ ಸಕ್ಕರೆ ಹಾಕಿ ಕೊಟ್ಟಿದ್ದೀನಿ.

ಇಷ್ಟುದ್ದ ಬರೆದಿದ್ದು ಒಂದು ಕೆಲಸಕ್ಕೆ. ಪಾಲಿಕೆಯಿಂದ ಉತ್ತರ ಬರೋವರೆಗೆ ಕಾಯೋ ಬದಲು ನಾವೂ ಹುಡುಕ್ತಿದ್ದೀವಿ. ನಂಜುಮಳಿಗೆ, ಚಾಮುಂಡಿಪುರ, ವಿದ್ಯಾರಣ್ಯಪುರಂ ಸುತ್ತಮುತ್ತ ಯಾರದಾದ್ರೂ ನೆಲಮಹಡಿ ಮನೆ ಖಾಲಿ ಇದ್ರೆ ಹೇಳಿ. ಎರಡು ದೊಡ್ಡ ರೂಮು, ಒಂದು ಬಚ್ಚಲು, ಮೆಟ್ಟಿಲು ಎರಡಕ್ಕಿಂತ ಹೆಚ್ಚಿರಬಾರದು. ಹನ್ನೊಂದು ಜನ ದೊಡ್ಡೋರು, ಹಗಲು ಹೊತ್ತು ಮಾತ್ರ. ಗಲಾಟೆ ಇರಲ್ಲ. ಸ್ಪೀಕರ್ ಅಂತೂ ಇರೋದೇ ಇಲ್ಲ.